ದೇವನಹಳ್ಳಿಯಿಂದ ಲಂಡನ್ನಿಗೆ: ದೂರದ ಲೆಕ್ಕ, ಹೊತ್ತಿನ ಲೆಕ್ಕ

ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ನಿಂತು, ಲಂಡನ್ ಯಾವ ಕಡೆಗಿದೆ ಎಂದು ಕೈ ಮಾಡಿ ತೋರಿಸಬೇಕಾದರೆ ಎತ್ತ ತೋರಿಸಬೇಕು? ಮರ್ಕೇಟರ್ ಮಾದರಿಯ ಪ್ರಪಂಚ ಭೂಪಟದ ಮೇಲೆ ಸ್ಕೇಲಿಟ್ಟು ಎರಡೂ ಊರುಗಳನ್ನು ಸೇರಿಸಿದರೆ, ಗೆರೆ ಪಡುವಣಕ್ಕೆ ವಾಲಿದ ವಾಯವ್ಯದತ್ತ ಹೊರಟು ದೊಡ್ಡಬಳ್ಳಾಪುರ ಪಟ್ಟಣದ ನೆತ್ತಿಯ ಮೇಲೆ ಹಾಯುತ್ತದೆ. ಆದರೆ ದುಂಡಗಿನ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಯಾವುದೆಂದು ಲೆಕ್ಕ ಹಾಕಿದರೆ ಅದು ದೊಡ್ಡಬಳ್ಳಾಪುರವನ್ನು ಎಡಕ್ಕೆ ಬಿಡುತ್ತದೆ. ಇನ್ನಷ್ಟು ಉತ್ತರಕ್ಕೆ ತಿರುಗಿ, ಘಾಟಿ ಸುಬ್ರಹ್ಮಣ್ಯದ ಹತ್ತಿರ ಹಾದು, ಗೌರಿಬಿದನೂರು ಮತ್ತು ಮಧುಗಿರಿಯ ನಡುವೆ ಸಾಗುತ್ತದೆ. ಮೊದಲ ಗೆರೆ ಉತ್ತರದಿಂದ 59 ಡಿಗ್ರಿ ಪಶ್ಚಿಮಕ್ಕೆ, ಎರಡನೆಯದು 40 ಡಿಗ್ರಿ ಪಶ್ಚಿಮಕ್ಕೆ. ಮೊದಲನೆಯ ದಾರಿ ಹಿಡಿದರೆ ಲಂಡನ್ ಸುಮಾರು 8,270 ಕಿ.ಮೀ., ಎರಡನೆಯದರಲ್ಲಿ ಸುಮಾರು 8,040 ಕಿ.ಮೀ.

ಭೂಪಟದ ಗೆರೆ ನೇರವಾಗಿ ಕಾಣುತ್ತದೆ, ಆದರೂ ಅದೇ ಸುತ್ತುದಾರಿ. ಕಾರಣ ಸರಳ. ಭೂಮಿಯ ಮೇಲೆ ರೇಖಾಂಶಗಳ ನಡುವಣ ಅಂತರ ಎಲ್ಲ ಕಡೆಯೂ ಒಂದೇ ಅಲ್ಲ. ದೇವನಹಳ್ಳಿಯ ಅಕ್ಷಾಂಶದಲ್ಲಿ, ಅಂದರೆ 13.2 ಡಿಗ್ರಿ ಉತ್ತರದಲ್ಲಿ, ಒಂದು ಡಿಗ್ರಿ ರೇಖಾಂಶ ದಾಟಲು 108 ಕಿ.ಮೀ. ಹೋಗಬೇಕು. ಲಂಡನ್ನಿನ ಅಕ್ಷಾಂಶದಲ್ಲಿ 69 ಕಿ.ಮೀ. ಹೋದರೆ ಸಾಕು. ಧ್ರುವಕ್ಕೆ ಬಂದರೆ ಎಲ್ಲ ರೇಖಾಂಶಗಳೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಪಶ್ಚಿಮಕ್ಕೆ 78 ಡಿಗ್ರಿ ಸರಿಯಬೇಕಾದವರು ಮೊದಲು ಉತ್ತರಕ್ಕೆ ಏರಿ, ಡಿಗ್ರಿಗಳು ಅಗ್ಗವಾಗಿ ಸಿಗುವ ಕಡೆ ಪಶ್ಚಿಮಕ್ಕೆ ಸರಿದರೆ ಲಾಭ. ಮರ್ಕೇಟರ್ ಭೂಪಟ ಉತ್ತರದ ದೇಶಗಳನ್ನು ಅಡ್ಡಡ್ಡ ಹಿಗ್ಗಿಸಿ, ಎಲ್ಲ ರೇಖಾಂಶಗಳನ್ನೂ ಸಮಾನಾಂತರವಾಗಿ ನಿಲ್ಲಿಸಿಬಿಡುತ್ತದೆ. ಹೀಗಾಗಿ ಈ ಲಾಭ ಅದರಲ್ಲಿ ಕಾಣುವುದೇ ಇಲ್ಲ. ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿಹಿಡಿದರೆ ತಕ್ಷಣ ಕಾಣುತ್ತದೆ. ಆ ದಾರ ಕೂರುವ ಗೆರೆಗೆ ಮಹಾವೃತ್ತ ಎಂದು ಹೆಸರು. ಭೂಮಿಯ ಕೇಂದ್ರದ ಮೂಲಕ ಗೋಳವನ್ನು ಕೊಯ್ದರೆ ಮೇಲ್ಮೈಯಲ್ಲಿ ಮೂಡುವ ವೃತ್ತ ಅದು.

ಇಂದು ಎರಡು ಊರುಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ದೂರ ಒಂದು ನಿಮಿಷದ ಲೆಕ್ಕ. ಆದರೆ ಆ ಅಕ್ಷಾಂಶ, ರೇಖಾಂಶಗಳನ್ನು ಯಾರೋ ಒಮ್ಮೆ ನೆಲದ ಮೇಲೆ ನಡೆದು ಅಳೆದಿದ್ದಾರೆ. ಆ ಕೆಲಸದ ಮೊದಲ ಅಧ್ಯಾಯ ನಮ್ಮ ಸೀಮೆಯಲ್ಲೇ ನಡೆಯಿತು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್, 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಉಕ್ಕಿನ ಸರಪಳಿ ಹಾಸಿ ಆಧಾರರೇಖೆಯೊಂದನ್ನು ಅಳೆದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ದೇಶವನ್ನು ಹೀಗೆ ಅಳೆಯುವ ಸರ್ವೆ ಅಧಿಕೃತವಾಗಿ ಆರಂಭವಾಯಿತು. 1804ರಲ್ಲಿ ಆತ ಮತ್ತೆ ಬೆಂಗಳೂರಿಗೆ ಬಂದು, ಮದ್ರಾಸಿನಿಂದ ತ್ರಿಕೋನಗಳ ಮೂಲಕ ತಂದ ಲೆಕ್ಕವನ್ನು ಇಲ್ಲಿನ ಇನ್ನೊಂದು ಆಧಾರರೇಖೆಗೆ ತಾಳೆ ನೋಡಿದ. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಕಟ್ಟುತ್ತ ಮಂಗಳೂರಿನವರೆಗೆ ಹೋದಾಗ ಒಂದು ಅಚ್ಚರಿ ಹೊರಬಿತ್ತು. ಮದ್ರಾಸಿನಿಂದ ಮಂಗಳೂರಿಗೆ ಸುಮಾರು 360 ಮೈಲಿ. ಅಂದರೆ ಅಲ್ಲಿಯವರೆಗಿನ ನಕ್ಷೆಗಳು ಭಾರತದ ಪರ್ಯಾಯದ್ವೀಪವನ್ನು 40 ಮೈಲಿಯಷ್ಟು ಹೆಚ್ಚು ಅಗಲವಾಗಿ ತೋರಿಸುತ್ತಿದ್ದವು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಲ್ಲ ಇರುವುದು ಇದೇ ಪಟ್ಟಿಯಲ್ಲಿ. ಇವತ್ತು ಬೆಂಗಳೂರಿನಿಂದ ಮಂಗಳೂರಿನ ಬಜ್ಪೆಗೆ 306 ಕಿ.ಮೀ., ಚೆನ್ನೈಗೆ 268 ಕಿ.ಮೀ. ಎಂದು ನಾವು ಅನುಮಾನವಿಲ್ಲದೆ ಹೇಳುವ ಮಾತಿನ ಹಿಂದೆ ಆ ಸರಪಳಿ ಹೊತ್ತ ನೂರಾರು ಜನರ ದುಡಿಮೆ ಇದೆ. ಅವರಲ್ಲಿ ಬಹುಪಾಲು ಮಂದಿಯ ಹೆಸರು ಯಾವ ನಕ್ಷೆಯಲ್ಲೂ ಉಳಿದಿಲ್ಲ. ಆ ನೆನಪು ನಮ್ಮ ಶಾಲಾ ಪುಸ್ತಕಗಳಲ್ಲಿ ಇನ್ನೂ ಹೆಚ್ಚು ಜಾಗ ಪಡೆಯಬೇಕಿತ್ತು.

ಮತ್ತೆ ಲಂಡನ್ನಿನ ದಾರಕ್ಕೆ ಬರೋಣ. ಘಾಟಿಯ ಬಳಿ ಹಾದುಹೋದ ಮಹಾವೃತ್ತ ಮುಂದೆ ಮಹಾರಾಷ್ಟ್ರ, ಗುಜರಾತ್ ದಾಟಿ ಕಛ್ ಹತ್ತಿರ ಪಾಕಿಸ್ತಾನವನ್ನು ಪ್ರವೇಶಿಸುತ್ತದೆ. ಇರಾನ್-ಆಫ್ಘಾನಿಸ್ತಾನದ ಗಡಿ, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ಭಾಗ, ಕಾಕಸಸ್, ಕಪ್ಪು ಸಮುದ್ರ, ಉಕ್ರೇನಿನ ಒಡೆಸಾ, ಪೋಲೆಂಡಿನ ದಕ್ಷಿಣ ಅಂಚು, ಜರ್ಮನಿ, ಆಮೇಲೆ ಲಂಡನ್. ಈ ಪಟ್ಟಿಯನ್ನು ಓದುತ್ತಿದ್ದಂತೆಯೇ ಗೊತ್ತಾಗುತ್ತದೆ, ಅತಿ ಹತ್ತಿರದ ದಾರಿ ಎಂಬುದು ಇವತ್ತು ಗಣಿತದಲ್ಲಿ ಮಾತ್ರ ಇದೆ. 2022ರ ಫೆಬ್ರುವರಿ 24ರಿಂದ ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿತು. ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು 2019ರ ಫೆಬ್ರುವರಿಯಿಂದ ಜುಲೈ ಮಧ್ಯದವರೆಗೆ ಮುಚ್ಚಿತ್ತು. 2025ರ ಏಪ್ರಿಲ್ 24ರಂದು ಭಾರತದ ವಿಮಾನ ಸಂಸ್ಥೆಗಳಿಗೆ ಮತ್ತೆ ಮುಚ್ಚಿತು. ಆಗ ಪೈಲಟ್ ಅರಬ್ಬೀ ಸಮುದ್ರದ ಮೇಲೆ ಪಶ್ಚಿಮಕ್ಕೆ ಹೋಗಿ, ಕೊಲ್ಲಿ ದೇಶಗಳ ಕಡೆಯಿಂದ ಉತ್ತರಕ್ಕೆ ತಿರುಗಬೇಕಾಗುತ್ತದೆ. ದಾರ ಸಡಿಲವಾಗುತ್ತದೆ, ಕಿಲೋಮೀಟರುಗಳು ಏರುತ್ತವೆ, ಇಂಧನ ಏರುತ್ತದೆ.

ಇದರ ಕಟುವಾದ ಉದಾಹರಣೆ ಹೆಲ್ಸಿಂಕಿ ಮತ್ತು ಟೋಕಿಯೊ. ಸೈಬೀರಿಯಾದ ಮೇಲಿನ ಮಹಾವೃತ್ತವನ್ನೇ ನಂಬಿ ಫಿನ್‌ಲ್ಯಾಂಡಿನ ಫಿನ್‌ಏರ್ ತನ್ನ ಏಷ್ಯಾ ವ್ಯಾಪಾರವನ್ನು ಕಟ್ಟಿತ್ತು. ಹಾರಾಟ ಒಂಬತ್ತೂವರೆ ಗಂಟೆಯಷ್ಟು. ರಷ್ಯಾ ತನ್ನ ಆಕಾಶ ಮುಚ್ಚಿದ ಮೇಲೆ ಅದೇ ಎರಡು ಊರುಗಳ ನಡುವೆ ಸುಮಾರು 13 ಗಂಟೆ ಹಿಡಿಯತೊಡಗಿತು. ಊರುಗಳು ಒಂದಿಂಚೂ ಕದಲಿಲ್ಲ, ಅವುಗಳ ನಡುವಣ ಪ್ರಯಾಣದ ಹೊತ್ತು ಮೂರೂವರೆ ಗಂಟೆ ಹಿಗ್ಗಿತು.

ದೇವನಹಳ್ಳಿಯಿಂದ ಹೊರಡುವ ದಾರಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಸ್ಯಾನ್ ಫ್ರಾನ್ಸಿಸ್ಕೊದ್ದು. ಕೆಲಸದಿಂದಲೂ ಮಕ್ಕಳಿಂದಲೂ ಬೆಂಗಳೂರಿನ ಎಷ್ಟೋ ಮನೆಗಳು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಊರುಗಳಿಗೆ ಬೆಸೆದುಕೊಂಡಿವೆ. ಭೂಪಟದ ಗೆರೆ ಹಿಡಿದು ಪೂರ್ವಕ್ಕೆ ಹೊರಟರೆ ಪೆಸಿಫಿಕ್ ಸಾಗರ ದಾಟಿ 16,100 ಕಿ.ಮೀ. ಹೋಗಬೇಕು. ಮಹಾವೃತ್ತದಲ್ಲಿ ಸುಮಾರು 13,990 ಕಿ.ಮೀ. ಇಲ್ಲಿ ಉಳಿತಾಯ ಎರಡು ಸಾವಿರ ಕಿ.ಮೀ.ಗೂ ಹೆಚ್ಚು, ದೇವನಹಳ್ಳಿಯಿಂದ ದೆಹಲಿಗಿರುವ ದೂರಕ್ಕಿಂತ ಜಾಸ್ತಿ. ಈ ಮಹಾವೃತ್ತ ಇಲ್ಲಿಂದ ಉತ್ತರದಿಂದ ಪೂರ್ವಕ್ಕೆ ಬರೀ 20 ಡಿಗ್ರಿ ವಾಲಿ ಹೊರಡುತ್ತದೆ. ಟಿಬೆಟ್, ಚೀನಾ, ಸೈಬೀರಿಯಾ ದಾಟಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಕಡೆಯಿಂದ ಇಳಿಯುತ್ತದೆ.

ಎತ್ತರದ ಟಿಬೆಟ್ ಪ್ರಸ್ಥಭೂಮಿಯ ಮೇಲೆ ಹಾರುವುದು ವಿಮಾನ ಸಂಸ್ಥೆಗಳಿಗೆ ಇಷ್ಟವಿಲ್ಲದ ವಿಷಯ. ಒಳಗಿನ ಗಾಳಿಯೊತ್ತಡ ಕುಸಿದರೆ ಪೈಲಟ್ ಕೂಡಲೇ ಉಸಿರಾಡಬಲ್ಲ ಎತ್ತರಕ್ಕೆ ಇಳಿಯಬೇಕು, ಅಲ್ಲಿ ಕೆಳಗೆ ಇಳಿಯಲು ಜಾಗವಿಲ್ಲ, ಬೆಟ್ಟಗಳಿವೆ. ಹಾಗಾದರೆ ನೇರ ಉತ್ತರ ಧ್ರುವದ ಮೇಲೇ ಹೋದರೆ? ಲೆಕ್ಕ ಹಾಕಿ ನೋಡಿ. ದೇವನಹಳ್ಳಿಯಿಂದ ಧ್ರುವಕ್ಕೆ 8,540 ಕಿ.ಮೀ., ಲಂಡನ್ನಿಗಿಂತ 500 ಕಿ.ಮೀ. ಮಾತ್ರ ಹೆಚ್ಚು. ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 5,820. ಕೂಡಿದರೆ 14,360 ಕಿ.ಮೀ. ಮಹಾವೃತ್ತಕ್ಕಿಂತ 370 ಕಿ.ಮೀ.ಯಷ್ಟೇ ಹೆಚ್ಚು. ಗಾಳಿ ಅನುಕೂಲವಾಗಿದ್ದರೆ ಅರ್ಧ ಗಂಟೆಯ ಆ ನಷ್ಟ ಲಾಭವಾಗಿಯೇ ತಿರುಗಬಹುದು.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಮಾರ್ಗದಲ್ಲಿ ಮೊದಲ ತಡೆರಹಿತ ಹಾರಾಟ ನಡೆಸಿದಾಗ ವಿಮಾನ ಧ್ರುವ ಪ್ರದೇಶದ ಮೇಲೆಯೇ ಬಂತು. ಬೋಯಿಂಗ್ 777-200 ಎಲ್‌ಆರ್, ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಪಾಪಾಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಅಂಥ ಹಾರಾಟಕ್ಕೆ ಧೈರ್ಯದ ಜೊತೆಗೆ ತುಂಬ ಸಿದ್ಧತೆ ಬೇಕು. ಸಮಭಾಜಕದ ಮೇಲೆ ನಿಂತಿರುವ ಸಂಪರ್ಕ ಉಪಗ್ರಹಗಳು ಧ್ರುವದ ಬಳಿ ದಿಗಂತದ ಕೆಳಗೆ ಮರೆಯಾಗುತ್ತವೆ, ಹಳೆಯ ಕಾಲದ ಹೈ ಫ್ರೀಕ್ವೆನ್ಸಿ ರೇಡಿಯೊ ನೆಚ್ಚಬೇಕು. ಸೂರ್ಯನಿಂದ ಬಿರುಗಾಳಿಯಂತೆ ಕಣಗಳು ಹೊಮ್ಮುವ ದಿನಗಳಲ್ಲಿ ಆ ರೇಡಿಯೊ ಕೂಡ ಕೈಕೊಡುತ್ತದೆ, ವಿಕಿರಣವೂ ಏರುತ್ತದೆ. ತುರ್ತಾಗಿ ಇಳಿಯಬಹುದಾದ ನಿಲ್ದಾಣಗಳು ಬೆರಳೆಣಿಕೆಯಷ್ಟು. ಇಂಧನದ್ದೇ ಇನ್ನೊಂದು ಚಿಂತೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟಲು ತೊಡಗುತ್ತದೆ, ಭಾರತದಲ್ಲಿ ಸಿಗುವ ಜೆಟ್ ಎ-1ಕ್ಕೆ ಆ ಮಿತಿ ಮೈನಸ್ 47. ಹೊರಗೆ ಅದಕ್ಕಿಂತಲೂ ಚಳಿ. ರೆಕ್ಕೆಯೊಳಗಿನ ಇಂಧನದ ಉಷ್ಣಾಂಶ ಮಿತಿಗೆ ಸಮೀಪಿಸಿದರೆ ಪೈಲಟ್ ಸ್ವಲ್ಪ ಕೆಳಗಿಳಿದು ಬೆಚ್ಚನೆಯ ಗಾಳಿ ಹುಡುಕುತ್ತಾರೆ, ಇಲ್ಲವೇ ವೇಗ ಹೆಚ್ಚಿಸಿ ಗಾಳಿಯ ಉಜ್ಜುವಿಕೆಯಿಂದ ರೆಕ್ಕೆಗೆ ಕೊಂಚ ಬಿಸಿ ಸಿಗುವಂತೆ ಮಾಡುತ್ತಾರೆ.

ಆ ಹಾರಾಟದ ವೇಳಾಪಟ್ಟಿ ಒಳ್ಳೆಯ ಅಭ್ಯಾಸದ ಲೆಕ್ಕ. ಸ್ಯಾನ್ ಫ್ರಾನ್ಸಿಸ್ಕೊದಿಂದ ಶನಿವಾರ ರಾತ್ರಿ 8.30ಕ್ಕೆ ಹೊರಟು, ಬೆಂಗಳೂರಿಗೆ ಸೋಮವಾರ ನಸುಕಿನ 3.45ಕ್ಕೆ ಬರುವುದು. ಗಡಿಯಾರಗಳ ನಡುವೆ 31 ಗಂಟೆ 15 ನಿಮಿಷ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ. ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ. ಪ್ರಯಾಣಿಕರ ಕ್ಯಾಲೆಂಡರಿನಲ್ಲಿ ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆಯಿತು. ಟಿಕೆಟ್ ನೋಡಿ ಹೊತ್ತನ್ನು ಲೆಕ್ಕ ಹಾಕುವಾಗ ಈ ಕಳೆಯುವ ಕೆಲಸವನ್ನು ಮರೆಯಬಾರದು. ಲಂಡನ್ನಿಗಾದರೆ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ ನಾಲ್ಕೂವರೆ.

ದೂರ ತಿಳಿಯಿತು. ಹೊತ್ತು ಎಷ್ಟು? ಬೆಂಗಳೂರಿನಿಂದ ಹೊರಡುವ ವಿಮಾನಗಳಿಗೆ ನಾನು ಬಳಸುವ ಸೂತ್ರ ಇದು. ಮೊದಲು 40 ನಿಮಿಷ ತೆಗೆದಿಡಿ, ಆಮೇಲೆ ಪ್ರತಿ 800 ಕಿ.ಮೀ.ಗೆ ಒಂದು ಗಂಟೆ ಸೇರಿಸಿ. ಚೆನ್ನೈ 268 ಕಿ.ಮೀ.: 20 ನಿಮಿಷಕ್ಕೆ 40 ಸೇರಿಸಿದರೆ ಒಂದು ಗಂಟೆ. ಹೈದರಾಬಾದ್ 456 ಕಿ.ಮೀ.: ಒಂದು ಗಂಟೆ 14 ನಿಮಿಷ. ಮುಂಬೈ 834 ಕಿ.ಮೀ.: ಒಂದು ಗಂಟೆ ಮುಕ್ಕಾಲಿಗೆ ಎರಡು ಮೂರು ನಿಮಿಷ ಕಡಿಮೆ. ದೆಹಲಿ ಸುಮಾರು 1,710 ಕಿ.ಮೀ.: ಎರಡು ಗಂಟೆ 48 ನಿಮಿಷ. ದುಬೈ 2,690 ಕಿ.ಮೀ.: ನಾಲ್ಕು ಗಂಟೆ. ಲಂಡನ್: ಹತ್ತು ಗಂಟೆ 43 ನಿಮಿಷ. ವಿಮಾನ ಸಂಸ್ಥೆಗಳ ವೇಳಾಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿ, ಬಹುಪಾಲು ಹತ್ತಿಪ್ಪತ್ತು ನಿಮಿಷದ ಆಚೀಚೆ ಹೊಂದುತ್ತದೆ. ಯುರೋಪಿನ ಲಂಡನ್-ಪ್ಯಾರಿಸ್ ನಡುವೆ 344 ಕಿ.ಮೀ.; ನಮ್ಮ ಬೆಂಗಳೂರು-ಹುಬ್ಬಳ್ಳಿ ಅಂತರಕ್ಕಿಂತ ಸ್ವಲ್ಪ ಕಡಿಮೆ. ಅಲ್ಲೂ ವೇಳಾಪಟ್ಟಿ ಒಂದು ಗಂಟೆ ಕಾಲು ತೋರಿಸುತ್ತದೆ, ಏಕೆಂದರೆ ಅಷ್ಟು ಹತ್ತಿರದ ಊರುಗಳ ನಡುವೆ ದೂರಕ್ಕಿಂತ ಆ 40 ನಿಮಿಷದ್ದೇ ಭಾರ ಹೆಚ್ಚು.

ಆ 40 ನಿಮಿಷ ಎಲ್ಲಿಗೆ ಹೋಗುತ್ತದೆ? ಟಿಕೆಟಿನಲ್ಲಿ ನಮೂದಾಗುವುದು ಹಾರಿದ ಹೊತ್ತು ಅಲ್ಲ. ನಿಂತ ಜಾಗದಿಂದ ಚಕ್ರ ಉರುಳತೊಡಗಿದ ಕ್ಷಣದಿಂದ ಇನ್ನೊಂದೂರಿನಲ್ಲಿ ನಿಂತ ಜಾಗಕ್ಕೆ ಬಂದು ಚಕ್ರ ನಿಲ್ಲುವವರೆಗಿನ ಹೊತ್ತು. ರನ್‌ವೇ ತನಕ ಉರುಳುವುದು, ಸರದಿಗೆ ಕಾಯುವುದು ಅದರಲ್ಲಿ ಸೇರಿದೆ. ಆಮೇಲೆ ಏರುವುದು. 10,000 ಅಡಿಯ ಕೆಳಗೆ ವೇಗದ ಮಿತಿ 250 ನಾಟ್, ಗಂಟೆಗೆ 460 ಕಿ.ಮೀ.ಯಷ್ಟು. ಪೂರ್ಣ ಎತ್ತರ ಮುಟ್ಟಲು 20 ನಿಮಿಷದ ಸುಮಾರು ಬೇಕು. ಇಳಿಯುವ ತಯಾರಿ ಊರಿಗೆ ಇನ್ನೂರು ಕಿ.ಮೀ. ಇರುವಾಗಲೇ ಶುರು. ಚೆನ್ನೈಗೆ ಹೊರಟ ವಿಮಾನ ಪೂರ್ಣ ಎತ್ತರದಲ್ಲಿ, ಪೂರ್ಣ ವೇಗದಲ್ಲಿ ಹಾರುವ ಹೊತ್ತು ಇಲ್ಲವೆಂಬಷ್ಟು ಕಡಿಮೆ; ಏರಿದ ಬೆನ್ನಿಗೇ ಇಳಿಯುತ್ತದೆ.

ಎತ್ತರದ ವೇಗವೂ ಲೆಕ್ಕವಿಲ್ಲದೆ ಬಂದದ್ದಲ್ಲ. 11 ಕಿ.ಮೀ. ಎತ್ತರದಲ್ಲಿ ಉಷ್ಣಾಂಶ ಮೈನಸ್ 56 ಡಿಗ್ರಿಯ ಸುಮಾರು, ಅಲ್ಲಿ ಶಬ್ದದ ವೇಗ ಗಂಟೆಗೆ 1,062 ಕಿ.ಮೀ. ವಿಮಾನ ಅದಕ್ಕೆ ತೀರ ಹತ್ತಿರ ಹೋದರೆ ರೆಕ್ಕೆಯ ಮೇಲೆ ಆಘಾತದ ಅಲೆಗಳು ಹುಟ್ಟಿ ಎಳೆತ ಒಮ್ಮೆಲೇ ಹೆಚ್ಚುತ್ತದೆ, ಇಂಧನ ಸುರಿದುಹೋಗುತ್ತದೆ. ಆದ್ದರಿಂದ ಏರ್‌ಬಸ್ ಎ320 ಶಬ್ದವೇಗದ ಶೇಕಡ 78ರಲ್ಲಿ, ಅಂದರೆ 830 ಕಿ.ಮೀ. ವೇಗದಲ್ಲಿ ಹಾರುತ್ತದೆ. ದೊಡ್ಡ ಬೋಯಿಂಗ್‌ಗಳು 900ರ ಸುಮಾರಿಗೆ. ದಶಕಗಳಿಂದ ವಿಮಾನಗಳು ಎಷ್ಟೇ ಸುಧಾರಿಸಿದರೂ ಈ ವೇಗ ಹೆಚ್ಚದಿರುವುದಕ್ಕೆ ಇದೇ ಕಾರಣ.

ಶಾಲೆಗಳಲ್ಲಿ ಮಕ್ಕಳು ಕೇಳುವ ಪ್ರಶ್ನೆ ಒಂದಿದೆ, ತುಂಬ ಒಳ್ಳೆಯ ಪ್ರಶ್ನೆ. ಭೂಮಿ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ಹೆಲಿಕಾಪ್ಟರಿನಲ್ಲಿ ಮೇಲೇರಿ ಸುಮ್ಮನೆ ನಿಂತರೆ ಪಶ್ಚಿಮದ ಲಂಡನ್ ತಾನಾಗಿ ಕೆಳಗೆ ಬರಬಾರದೇಕೆ? ದೇವನಹಳ್ಳಿಯ ನೆಲ ಗಂಟೆಗೆ 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿರುವುದು ನಿಜ. ಆದರೆ ನೆಲದ ಮೇಲಿನ ಗಾಳಿಯೂ ಅದೇ ವೇಗದಲ್ಲಿ ಓಡುತ್ತಿದೆ, ಏರುವ ಮುಂಚೆ ಹೆಲಿಕಾಪ್ಟರಿಗೂ ಅದೇ ವೇಗ ಇತ್ತು. ಹಾಗಾಗಿ ಅದು ದೇವನಹಳ್ಳಿಯ ಮೇಲೆಯೇ ನಿಲ್ಲುತ್ತದೆ. ವ್ಯತ್ಯಾಸ ಬರುವುದು ನೆಲಕ್ಕೆ ಹೋಲಿಸಿದರೆ ಗಾಳಿ ಸ್ವಲ್ಪ ಬೇರೆ ವೇಗದಲ್ಲಿ ಓಡಿದಾಗ. ಅದನ್ನೇ ನಾವು ಗಾಳಿ ಬೀಸುವುದು ಎನ್ನುತ್ತೇವೆ. ಹೊಳೆಯಲ್ಲಿ ಹುಟ್ಟು ಹಾಕುವ ದೋಣಿಯಂತೆ ವಿಮಾನ ತನ್ನ ಸುತ್ತಲ ಗಾಳಿಗೆ ಮಾತ್ರ ಲೆಕ್ಕ ಒಪ್ಪಿಸುತ್ತದೆ. ಗಾಳಿ ಅದನ್ನು ಎತ್ತ ಒಯ್ಯುತ್ತಿದೆ ಎಂಬುದರ ಮೇಲೆ ನೆಲದ ಲೆಕ್ಕ ನಿಂತಿದೆ.

ಜುಲೈಯಲ್ಲಿ ದೊಡ್ಡಬಳ್ಳಾಪುರದ ದಕ್ಷಿಣಕ್ಕೆ, ರಾಜಾನುಕುಂಟೆಯ ಕಡೆ ಇರುವ ಯಾರನ್ನಾದರೂ ಕೇಳಿ, ವಿಮಾನಗಳು ತಮ್ಮ ಕಡೆಗೇ ಏರಿ ಬರುತ್ತವೆ ಎನ್ನುತ್ತಾರೆ. ಡಿಸೆಂಬರ್‌ನಲ್ಲಿ ಕೇಳಿದರೆ ತಮ್ಮ ಮೇಲಿಂದ ಇಳಿದು ಹೋಗುತ್ತವೆ ಎನ್ನುತ್ತಾರೆ. ಎರಡೂ ಸರಿ. ನಿಲ್ದಾಣದ ಎರಡೂ ರನ್‌ವೇಗಳು, 4,000 ಮೀಟರ್ ಉದ್ದದವು, ಪೂರ್ವ-ಪಶ್ಚಿಮವಾಗಿ ಮಲಗಿವೆ. ಮೊದಲನೆಯದು 2008ರ ಮೇ 24ರಂದು ನಿಲ್ದಾಣದ ಜೊತೆಗೇ ತೆರೆಯಿತು, ಎರಡನೆಯದು 2019ರ ಡಿಸೆಂಬರ್‌ನಲ್ಲಿ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಆಗ ನೆಲದ ಮೇಲೆ ಕಡಿಮೆ ಓಡಿದರೂ ರೆಕ್ಕೆಗೆ ಬೇಕಾದ ಗಾಳಿ ಸಿಗುತ್ತದೆ. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುವುದರಿಂದ ವಿಮಾನ ಪಶ್ಚಿಮಕ್ಕೆ ಏರುತ್ತದೆ. ಆಗ ಇಳಿಯುವ ವಿಮಾನಗಳು ಹೊಸಕೋಟೆಗೂ ದೇವನಹಳ್ಳಿ ಬಳಿಯ ವಿಜಯಪುರಕ್ಕೂ ನಡುವಣ ಹಳ್ಳಿಗಳ ಮೇಲಿಂದ ಬರುತ್ತವೆ. ಹಿಂಗಾರಿನಲ್ಲಿ, ಚಳಿಗಾಲದಲ್ಲಿ ಪೂರ್ವದ ಗಾಳಿ, ಎಲ್ಲ ಅದಲುಬದಲು. ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿ ಸಮುದ್ರಮಟ್ಟದ್ದಕ್ಕಿಂತ ಶೇಕಡ ಎಂಟೊಂಬತ್ತರಷ್ಟು ತೆಳು. 17 ಗಂಟೆಯ ಇಂಧನ ಹೊತ್ತ ವಿಮಾನಕ್ಕೆ ಅಷ್ಟುದ್ದದ ರನ್‌ವೇ ಅಲಂಕಾರಕ್ಕಲ್ಲ.

ಈಗ ಅದೇ ಜುಲೈಯ ವಿಮಾನದ ಜೊತೆ ಮೇಲೇರೋಣ. ನೆಲದ ಬಳಿ, ಒಂದೂವರೆ ಎರಡು ಕಿ.ಮೀ. ಎತ್ತರದವರೆಗೂ ಗಾಳಿ ಪಶ್ಚಿಮದಿಂದ ಜೋರಾಗಿ ಬೀಸುತ್ತಿದೆ. ಇನ್ನೂ ಮೇಲೆ ಹೋದರೆ ಅದು ಕ್ಷೀಣಿಸುತ್ತದೆ. 10-12 ಕಿ.ಮೀ.ಗೆ ಹೋಗುವಷ್ಟರಲ್ಲಿ ಪೂರ್ತಿ ತಿರುವುಮುರುವಾಗಿ ಪೂರ್ವದಿಂದ ಬೀಸುತ್ತಿರುತ್ತದೆ. 14ರಿಂದ 16 ಕಿ.ಮೀ. ಎತ್ತರದಲ್ಲಿ ಅದು ಗಂಟೆಗೆ 100ರಿಂದ 150 ಕಿ.ಮೀ. ವೇಗದ ಹೊಳೆ. ಇದನ್ನು ಉಷ್ಣವಲಯದ ಪೂರ್ವ ಜೆಟ್ ಪ್ರವಾಹ ಎನ್ನುತ್ತಾರೆ. ಮುಂದೆ ಭಾರತ ಹವಾಮಾನ ಇಲಾಖೆಯ ಮಹಾನಿರ್ದೇಶಕರಾದ ಪಿ. ಕೋಟೇಶ್ವರಂ 1958ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ರೂಪರೇಖೆಯನ್ನು ಜಗತ್ತಿಗೆ ವಿವರಿಸಿದರು. ಬೇಸಿಗೆಯಲ್ಲಿ ಟಿಬೆಟ್ ಪ್ರಸ್ಥಭೂಮಿ ಕಾದು ಅದರ ಮೇಲಿನ ಗಾಳಿಯೂ ಬಿಸಿಯಾಗುತ್ತದೆ, ದಕ್ಷಿಣದಲ್ಲಿ ಹಿಂದೂ ಮಹಾಸಾಗರದ ಮೇಲೆ ಅಷ್ಟು ಬಿಸಿಯಿಲ್ಲ. ಉತ್ತರ-ದಕ್ಷಿಣದ ಈ ಉಷ್ಣಾಂಶದ ಅಂತರ, ಭೂಮಿಯ ತಿರುಗುವಿಕೆ ಎರಡೂ ಸೇರಿ ಆಗ್ನೇಯ ಏಷ್ಯಾದಿಂದ ಆಫ್ರಿಕಾದವರೆಗೆ ಈ ಹೊಳೆಯನ್ನು ಹರಿಸುತ್ತವೆ. ಅದರ ನಡುಗೆರೆ ಸುಮಾರು ಚೆನ್ನೈನ ಅಕ್ಷಾಂಶದಲ್ಲಿ, ಅಂದರೆ 13 ಡಿಗ್ರಿಯ ಆಸುಪಾಸಿನಲ್ಲಿ ಹಾಯುತ್ತದೆ. ದೇವನಹಳ್ಳಿಯ ಅಕ್ಷಾಂಶ 13.2 ಡಿಗ್ರಿ.

ಮುಂಗಾರಿನ ದಿನ ನಮ್ಮ ಹೊಲದಲ್ಲಿ ರಾಗಿಯ ಪೈರನ್ನು ಪೂರ್ವಕ್ಕೆ ಬಾಗಿಸುವ ಗಾಳಿ ಒಂದು, ಅದೇ ಹೊಲದ ನೆತ್ತಿಯ ಮೇಲೆ ವಿಮಾನವನ್ನು ಪಶ್ಚಿಮಕ್ಕೆ ತಳ್ಳುವ ಗಾಳಿ ಇನ್ನೊಂದು. ನಮ್ಮ ಮಳೆಗೂ ಈ ಎರಡಕ್ಕೂ ನಂಟಿದೆ. ಮೇಲಿನ ಪ್ರವಾಹ ಬಲವಾಗಿದ್ದರೆ ಮುಂಗಾರೂ ಸಾಮಾನ್ಯವಾಗಿ ಚುರುಕು. ದುಬೈಗೆ ಹೋಗುವ ವಿಮಾನಕ್ಕೆ ಜುಲೈಯಲ್ಲಿ ಹಾದಿಯ ಮೊದಲ ಭಾಗದಲ್ಲಿ ಬೆನ್ನ ಹಿಂದಿನ ಗಾಳಿ ಸಿಗುತ್ತದೆ.

ಜನವರಿಯಲ್ಲಿ ಚಿತ್ರ ಬೇರೆ. ಆಗ ಉತ್ತರ ಭಾರತದ ಮೇಲೆ, 27 ಡಿಗ್ರಿಯ ಆಸುಪಾಸಿನಲ್ಲಿ, ವಿಮಾನಗಳು ಹಾರುವ ಎತ್ತರದಲ್ಲೇ ಪಶ್ಚಿಮದ ಜೆಟ್ ಪ್ರವಾಹ ಗಂಟೆಗೆ 150 ಕಿ.ಮೀ.ಗೂ ಮೀರಿ ಹರಿಯುತ್ತದೆ. ಲಂಡನ್, ದುಬೈಗೆ ಹೋಗುವವರಿಗೆ ಅದು ಎದುರುಗಾಳಿ, ಬರುವವರಿಗೆ ಬೆನ್ನುಗಾಳಿ. ಲಂಡನ್ನಿನಿಂದ ಬೆಂಗಳೂರಿಗೆ ಬರುವುದು ಹೋಗುವುದಕ್ಕಿಂತ ಒಂದು ಗಂಟೆಯಷ್ಟು ಬೇಗ ಮುಗಿಯುವುದು ಇದರಿಂದ. ದೆಹಲಿಯ ವಿಮಾನಕ್ಕೆ ಮಾತ್ರ ಈ ಗಾಳಿ ಪಕ್ಕದಿಂದ ಬಡಿಯುತ್ತದೆ. ಪೈಲಟ್ ಮೂತಿಯನ್ನು ಸ್ವಲ್ಪ ಪಶ್ಚಿಮಕ್ಕೆ ತಿರುಗಿಸಿ ಹಾರಬೇಕು. 830 ಕಿ.ಮೀ. ವೇಗದ ವಿಮಾನಕ್ಕೆ 150 ಕಿ.ಮೀ. ವೇಗದ ಅಡ್ಡಗಾಳಿ ಬಿದ್ದರೆ ಪೈಥಾಗೊರಸನ ಪ್ರಮೇಯದಂತೆ ಮುಂದಿನ ವೇಗ 816ಕ್ಕೆ ಇಳಿಯುತ್ತದೆ. ನಷ್ಟ ಎರಡು ಮೂರು ನಿಮಿಷ ಮಾತ್ರ.

ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಪಡೆದರೆ ಲೆಕ್ಕ ಸರಿಯಾಯಿತಲ್ಲ ಎಂದು ಹಲವರು ಭಾವಿಸುತ್ತಾರೆ. ಸರಿಯಾಗುವುದಿಲ್ಲ. 8,000 ಕಿ.ಮೀ. ದೂರ, 900 ಕಿ.ಮೀ. ವೇಗ, ಗಾಳಿ 100 ಎಂದಿಟ್ಟುಕೊಳ್ಳಿ. ಹೋಗುವಾಗ 800ರ ವೇಗದಲ್ಲಿ ಹತ್ತು ಗಂಟೆ, ಬರುವಾಗ 1,000ದಲ್ಲಿ ಎಂಟು ಗಂಟೆ, ಒಟ್ಟು 18. ಗಾಳಿಯೇ ಇಲ್ಲದಿದ್ದರೆ ಎರಡೂ ಸೇರಿ 17 ಗಂಟೆ 47 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಬಿದ್ದಿರುತ್ತದೆ, ಬೆನ್ನುಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತದೆ. ಅದಕ್ಕೇ ನಷ್ಟದ ಕಡೆ ಸದಾ ತೂಕ ಹೆಚ್ಚು. ವಿಮಾನ ಸಂಸ್ಥೆಗಳು ಪ್ರತಿದಿನ ಗಾಳಿಯ ಮುನ್ಸೂಚನೆ ನೋಡಿ ಮಾರ್ಗವನ್ನೇ ಬದಲಿಸುತ್ತವೆ, ಕೆಲವು ನೂರು ಕಿ.ಮೀ. ಹೆಚ್ಚು ಹಾರಿದರೂ ಬೇಗ ತಲುಪುವಂತೆ. 2020ರ ಫೆಬ್ರುವರಿಯಲ್ಲಿ ಸಿಯಾರಾ ಬಿರುಗಾಳಿಯ ಬೆನ್ನೇರಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ನೆಲಕ್ಕೆ ಹೋಲಿಸಿದರೆ ಗಂಟೆಗೆ 1,300 ಕಿ.ಮೀ. ದಾಟಿದ್ದರೂ ತನ್ನ ಸುತ್ತಲ ಗಾಳಿಯಲ್ಲಿ ಅದು ಶಬ್ದಕ್ಕಿಂತ ನಿಧಾನವಾಗಿಯೇ ಹಾರುತ್ತಿತ್ತು.

ಇಷ್ಟೆಲ್ಲ ಲೆಕ್ಕ ಹಾಕಿದರೂ ದೇವನಹಳ್ಳಿಯ ನೆಲಕ್ಕೇ ಅಂಟಿದ ಕಾರಣಗಳು ಉಳಿಯುತ್ತವೆ. ಡಿಸೆಂಬರ್-ಜನವರಿಯ ನಸುಕಿನಲ್ಲಿ ನೆಲ ತಣಿದು ದಟ್ಟ ಮಂಜು ಕವಿಯುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ನಿಲ್ದಾಣದ ಆವರಣದಲ್ಲೇ ಉಪಕರಣ ನಿಲ್ಲಿಸಿ ಈ ಮಂಜನ್ನು ಅಭ್ಯಸಿಸಿದ್ದಾರೆ. ದಕ್ಷಿಣದ ರನ್‌ವೇಯಲ್ಲಿ 50 ಮೀಟರ್ ಮಾತ್ರ ಕಾಣುತ್ತಿದ್ದರೂ ಇಳಿಯಬಲ್ಲ ವ್ಯವಸ್ಥೆ ಬಂದಿದೆ, ಆದರೆ ವಿಮಾನಕ್ಕೂ ಪೈಲಟ್‌ಗೂ ಆ ಅರ್ಹತೆ ಇರಬೇಕು. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಪ್ರದರ್ಶನದ ಹೊತ್ತಿಗೆ ಇಲ್ಲಿನ ಹಾರಾಟಗಳನ್ನು ನಿಲ್ಲಿಸುತ್ತಾರೆ. ಇಂಥ ತಡಗಳು ಬರುತ್ತವೆಂದು ಗೊತ್ತಿದ್ದೇ ವಿಮಾನ ಸಂಸ್ಥೆಗಳು ವೇಳಾಪಟ್ಟಿಯಲ್ಲಿ ಒಂದಿಷ್ಟು ನಿಮಿಷ ಜಾಸ್ತಿ ಇಟ್ಟುಕೊಂಡಿರುತ್ತವೆ. ಹದಿನೈದು ನಿಮಿಷದ ಒಳಗಿನ ತಡವನ್ನು ತಡವೆಂದು ಲೆಕ್ಕ ಹಿಡಿಯುವುದೂ ಇಲ್ಲ.

ಹತ್ತಿರದ ಊರುಗಳಿಗಂತೂ ಆಕಾಶದ ಲೆಕ್ಕಕ್ಕಿಂತ ರಸ್ತೆಯ ಲೆಕ್ಕ ದೊಡ್ಡದು. ಹಳೆಯ ಎಚ್‌ಎಎಲ್ ನಿಲ್ದಾಣ ಊರೊಳಗಿತ್ತು. ದೇವನಹಳ್ಳಿ ಮೆಜೆಸ್ಟಿಕ್‌ನಿಂದ 35 ಕಿ.ಮೀ. ಆಚೆ. ಚೆನ್ನೈಗೆ ಹಾರಾಟ ಒಂದೇ ಗಂಟೆ, ಆದರೆ ಬಳ್ಳಾರಿ ರಸ್ತೆಯಲ್ಲಿ ಒಂದು ಗಂಟೆಗೂ ಹೆಚ್ಚು, ತಪಾಸಣೆಗೆಂದು ಒಂದೂವರೆ ಗಂಟೆ ಮುಂಚೆ, ಚೆನ್ನೈನಲ್ಲಿ ಇಳಿದು ಊರೊಳಗೆ ಹೋಗುವುದು ಇನ್ನೊಂದು ಗಂಟೆ. ಎರಡನೇ ಟರ್ಮಿನಲ್ ಉದ್ಘಾಟನೆಯಾದ 2022ರ ನವೆಂಬರ್ 11ರಂದೇ ಮೈಸೂರು-ಚೆನ್ನೈ ವಂದೇ ಭಾರತ್ ರೈಲಿಗೂ ಹಸಿರು ನಿಶಾನೆ ಸಿಕ್ಕಿತು. ಅದು ಬೆಂಗಳೂರಿನಿಂದ ಚೆನ್ನೈಗೆ ನಾಲ್ಕೂಕಾಲರಿಂದ ನಾಲ್ಕೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಮೆಜೆಸ್ಟಿಕ್ ಸುತ್ತಲಿನವರಿಗೆ ರೈಲೇ ಮೇಲು, ದೇವನಹಳ್ಳಿ, ವಿಜಯಪುರದವರಿಗೆ ವಿಮಾನ ಮೇಲು ಎಂಬುದು ನನ್ನ ತೀರ್ಮಾನ.

ಜಿಲ್ಲೆಯ ಶಾಲೆಗಳಲ್ಲಿ ಗಣಿತ ಬೋಧಿಸುವ ಶಿಕ್ಷಕರಲ್ಲಿ ಒಂದು ವಿನಂತಿ. ಹತ್ತನೆಯ ತರಗತಿಯ ಮಕ್ಕಳು ಸೈನ್, ಕೊಸೈನ್ ಕಲಿಯುತ್ತಾರೆ, ಆದರೆ ಅವುಗಳಿಂದ ಏನು ಮಾಡಬಹುದೆಂದು ಅವರಿಗೆ ತೋರಿಸುವವರು ಕಡಿಮೆ. ತರಗತಿಯ ಮೇಲೆ ಹಾರುವ ವಿಮಾನವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಎರಡೂ ಊರುಗಳ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಅಕ್ಷಾಂಶಗಳ ಕೊಸೈನ್‌ಗಳನ್ನು, ರೇಖಾಂಶಗಳ ವ್ಯತ್ಯಾಸದ ಕೊಸೈನ್ ಜೊತೆ ಗುಣಿಸಿ. ಎರಡನ್ನೂ ಕೂಡಿ. ಬಂದ ಸಂಖ್ಯೆ ಯಾವ ಕೋನದ ಕೊಸೈನ್ ಎಂದು ಕ್ಯಾಲ್ಕುಲೇಟರ್‌ನಲ್ಲಿ ನೋಡಿ, ಆ ಡಿಗ್ರಿಯನ್ನು 111.2ರಿಂದ ಗುಣಿಸಿದರೆ ಕಿಲೋಮೀಟರ್. ದೇವನಹಳ್ಳಿಗೆ 13.2, ಲಂಡನ್ನಿಗೆ 51.5, ವ್ಯತ್ಯಾಸ 78.2 ಇಟ್ಟರೆ 72.4 ಡಿಗ್ರಿ, ಸುಮಾರು 8,050 ಕಿ.ಮೀ. ಬರುತ್ತದೆ. ವಿಮಾನ ಸಂಸ್ಥೆಯವರ ಅಂಕಿಗಿಂತ ಹತ್ತಿಪ್ಪತ್ತು ಕಿ.ಮೀ. ಹೆಚ್ಚುಕಡಿಮೆಯಾದರೆ ಮಕ್ಕಳ ಲೆಕ್ಕ ತಪ್ಪಲ್ಲ. ಈ ಸೂತ್ರ ಭೂಮಿಯನ್ನು ಪೂರ್ತಿ ಗೋಳವೆಂದು ಹಿಡಿಯುತ್ತದೆ. ನಿಜವಾದ ಭೂಮಿಯ ತ್ರಿಜ್ಯ ಸಮಭಾಜಕದಲ್ಲಿ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ.